ಬುದ್ಧಿಮಾನದ ಸರಾಸರಿಯೂ ಉದ್ಯೋಗನಿಯುಕ್ತಿಯೂ

ತೂಗುವ ತಕ್ಕಡಿಯೂ ಒಮ್ಮೆ ಪರೀಕ್ಷೆಗೆ ಒಳಗಾಗಬೇಕೆಂಬುದು ನ್ಯಾಯಶಾಸ್ತ್ರದ ಹಳೆಯ ಸಿದ್ಧಾಂತ. ಪ್ರಮಾಣವಾದುದೇ ಪ್ರಸಂಗಾಂತರದಲ್ಲಿ ಪ್ರಮೇಯವೂ ಆಗಬಲ್ಲುದೆಂಬುದನ್ನು ಗೌತಮನ ಸೂತ್ರಗಳ ದ್ವಿತೀಯಾಧ್ಯಾಯವು ತುಲಾದೃಷ್ಟಾಂತದಿಂದ ನಿರೂಪಿಸುತ್ತದೆ. ಜನಸಮುದಾಯದ ಬುದ್ಧಿಗೆ ಸರಾಸರಿಯೊಂದನ್ನು ಗೊತ್ತುಮಾಡಿ, ಅದರಂತೆ ಕೆಲಸಕ್ಕೆ ಜನರನ್ನು ಆರಿಸುವ ಪದ್ಧತಿಗೆ ಈ ನ್ಯಾಯವು ಚೆನ್ನಾಗಿ ಅನ್ವಯಿಸುತ್ತದೆ.

1905ರಲ್ಲಿ ಪ್ಯಾರಿಸ್ ನಗರದ ಬಿನೆ ಮತ್ತು ಸಿಮೋನರು ರಚಿಸಿದ ಪ್ರಶ್ನಮಾಲಿಕೆಯು ವಿಶೇಷ ಬೋಧನೆ ಬೇಕಾದ ಮಕ್ಕಳನ್ನು ಗುರುತಿಸುವುದಕ್ಕಾಗಿ ಹುಟ್ಟಿದುದು. ಅದನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಅಳವಡಿಸಿದ ವಿ. ವಿ. ಕಾಮತರ ಗ್ರಂಥವು 1940ರಲ್ಲಿ ಹೊರಬಂದಿತು. ಮಕ್ಕಳಿಗಾಗಿ ಹುಟ್ಟಿದ ಈ ವಿಧಾನವು ಪ್ರಾಪ್ತವಯಸ್ಕರ ನಿಯುಕ್ತಿಗೆ ದೊಡ್ಡ ಪ್ರಮಾಣದಲ್ಲಿ ತಿರುಗಿದುದು ಅಮೆರಿಕದ ಸೈನ್ಯದಲ್ಲಿ. 1917ರಿಂದ ಯರ್ಕೀಸ್ ಮೊದಲಾದವರು ಸುಮಾರು 17 ಲಕ್ಷ ಜನರನ್ನು ಪರೀಕ್ಷಿಸಿದರು. ಅಕ್ಷರಸ್ಥರಿಗೆ ಆಲ್ಫಾ, ಆಂಗ್ಲವನ್ನು ಓದಲಾರದವರಿಗೆ ಬೀಟಾ ಎಂದು ಪರೀಕ್ಷೆ ಎರಡು ಬಗೆ. ಶ್ವೇತವರ್ಣದ ಸೈನಿಕರ ಸರಾಸರಿ ಮನೋವಯಸ್ಸು 13 ವರ್ಷವೆಂದು 1921ರ ವರದಿ ಸಾರಿತು. ಪ್ರಾಪ್ತವಯಸ್ಕನ ಮನೋವಯಸ್ಸನ್ನು ಟರ್ಮನ್ನನು 16 ಎಂದು ಎಣಿಸಿದ್ದುದರಿಂದ, ದೇಶವೇ ಮಂದಬುದ್ಧಿಯದೆಂದು ಹಲವರು ಕಳವಳಗೊಂಡರು. ಸಾಮಾನ್ಯ ಜನರ ಬುದ್ಧಿ ಸಾಮಾನ್ಯ ಜನರ ಬುದ್ಧಿಗಿಂತ ಕಡಮೆಯಾಗುವುದೆಂತು? ಈ ವ್ಯಾಘಾತವನ್ನು ವಾಲ್ಟರ್ ಲಿಪ್ಮನ್ 1922ರಲ್ಲಿ ಎತ್ತಿ ತೋರಿದನು. ಅಲ್ಪಸಂಖ್ಯಾತರಿಂದ ಕಲ್ಪಿಸಿದ 16ರ ಮಾನವೇ ದುಷ್ಟವಾಗಿದ್ದಿತು. ದೋಷವಿದ್ದುದು ತಕ್ಕಡಿಯಲ್ಲಿ, ತೂಗಲ್ಪಟ್ಟವರಲ್ಲಿ ಅಲ್ಲ.

ಸರಾಸರಿಯು ಸ್ಥಿರವೂ ಅಲ್ಲ. 1932ರಿಂದ 1978ರವರೆಗೆ ಅಮೆರಿಕನ್ನರ ಅಂಕಗಳು ಸುಮಾರು 14ರಷ್ಟು ಏರಿದುದನ್ನು ಫ್ಲಿನ್ 1984ರಲ್ಲಿ ತೋರಿಸಿದನು. ಇಂದಿನ 100 ನಾಳೆಯ 100 ಅಲ್ಲ.

ಉದ್ಯೋಗದ ವಿಷಯದಲ್ಲಿ ಡ್ಯೂಕ್ ವಿದ್ಯುತ್ ಸಂಸ್ಥೆಯ ವ್ಯವಹಾರವು ಪ್ರಸಿದ್ಧ. ಅಲ್ಲಿ ಕಪ್ಪುವರ್ಣದವರಿಗೆ ಕೂಲಿಯ ವಿಭಾಗವೊಂದೇ ತೆರೆದಿದ್ದಿತು; ಅದರ ಅತ್ಯಧಿಕ ವೇತನವು ಇತರ ವಿಭಾಗಗಳ ಅತ್ಯಲ್ಪ ವೇತನಕ್ಕಿಂತ ಕಡಮೆ. ಸಮಾನಹಕ್ಕಿನ ಶಾಸನವು ಜಾರಿಗೆ ಬಂದ 1965ರಲ್ಲಿ ಆ ಸಂಸ್ಥೆಯು ಇತರ ವಿಭಾಗಗಳ ಪ್ರವೇಶಕ್ಕೆ ವಂಡರ್ಲಿಕ್ ಬುದ್ಧಿಪರೀಕ್ಷೆಯನ್ನೂ ಬೆನೆಟ್ ಯಂತ್ರಜ್ಞಾನಪರೀಕ್ಷೆಯನ್ನೂ ವಿಧಿಸಿತು. ತೇರ್ಗಡೆಯ ಮಿತಿ, ಪ್ರೌಢಶಾಲೆ ಮುಗಿಸಿದವರ ರಾಷ್ಟ್ರೀಯ ಮಧ್ಯಮಾಂಕದಷ್ಟು. ಎಂದರೆ, ಪ್ರೌಢಶಾಲೆ ಮುಗಿಸಿದವರಲ್ಲಿಯೇ ಸುಮಾರು ಅರ್ಧದಷ್ಟು ಜನ ಅನರ್ಹರು! ಆದರೆ ಪರೀಕ್ಷೆಗಳಿಲ್ಲದೆ ಮೊದಲೇ ಸೇರಿದ್ದವರು ಅದೇ ಕೆಲಸವನ್ನು ತೃಪ್ತಿಕರವಾಗಿ ನಡೆಸುತ್ತಲಿದ್ದರು. 13 ಮಂದಿ ಕೆಲಸಗಾರರು ಮೊರೆಹೊಕ್ಕ ಈ ವ್ಯಾಜ್ಯದಲ್ಲಿ, ಪರೀಕ್ಷೆಯು ಆಯಾ ಕೆಲಸಕ್ಕೆ ಸಂಬಂಧಿಸಿರತಕ್ಕದ್ದೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1971ರಲ್ಲಿ ತೀರ್ಪಿತ್ತಿತು.

ಇದರಿಂದ ಬುದ್ಧಿಮಾಪನವೆಲ್ಲ ನಿರರ್ಥಕವೆಂದು ತಿಳಿಯಲಾಗದು. ಹೇತುವಿಗೂ ಸಾಧ್ಯಕ್ಕೂ ವ್ಯಾಪ್ತಿಯಿದ್ದಲ್ಲಿ ಮಾತ್ರ ಅನುಮಾನವು ಸಿದ್ಧಿಸುವಂತೆ, ಅಂಕಕ್ಕೂ ಕಾರ್ಯಕೌಶಲಕ್ಕೂ ಸಂಬಂಧವು ಸಿದ್ಧವಾದಲ್ಲಿ ಮಾತ್ರ ಅಂಕವು ಪ್ರಮಾಣವಾದೀತು. ಆ ವ್ಯಾಪ್ತಿಯನ್ನು ತೋರಿಸುವ ಭಾರವು ತೂಗುವವನ ಮೇಲಿರುವುದೇ ಹೊರತು ತೂಗಲ್ಪಡುವವನ ಮೇಲಲ್ಲ.