ಉತ್ತರಮೇರೂರಿನ ಕುಡವೋಲೆ

ಪ್ರಾಚೀನ ಭಾರತದಲ್ಲಿ ಚುನಾವಣೆಯಿದ್ದಿತೆಂದು ಸಾಧಿಸಹೊರಟವರು ಬಹುಮಟ್ಟಿಗೆ ಉತ್ತರಮೇರೂರಿನ ಶಾಸನಗಳನ್ನೇ ಮುಂದಿಡುವರು. 1948ರ ನವೆಂಬರ್ ತಿಂಗಳಲ್ಲಿ ಗ್ರಾಮಪಂಚಾಯತಿಗಳ ವಿಷಯವು ಸಂವಿಧಾನ ಸಭೆಯ ಮುಂದೆ ಬಂದಾಗಲೂ ಟಿ. ಪ್ರಕಾಶಂ ಅವರು ಇವನ್ನು ಸ್ಮರಿಸಿದರು. ಆದರೆ ಶಾಸನದ ಪಾಠವನ್ನು ಸಾವಧಾನವಾಗಿ ಪರಿಶೀಲಿಸಿದರೆ ಅಲ್ಲಿ ಮತದಾನವೆಂಬುದೇ ಇಲ್ಲವೆಂದು ವಿದಿತವಾಗುವುದು. ಅಲ್ಲಿರುವುದು ಚೀಟಿಯೆತ್ತುವ ಕ್ರಮ. ಇವೆರಡನ್ನೂ ಒಂದೆಂದು ಭಾವಿಸುವುದರಿಂದ ಶಾಸನದ ನಿಜವಾದ ಸ್ವಾರಸ್ಯವೇ ಮರೆಯಾಗುತ್ತದೆ.

ಉತ್ತರಮೇರೂರು ತಮಿಳುನಾಡಿನ ಕಾಂಚೀಪುರ ಜಿಲ್ಲೆಗೆ ಸೇರಿದುದು. ಹಿಂದೆ ಬ್ರಾಹ್ಮಣರ ಅಗ್ರಹಾರ, ತಮಿಳರ ಮಾತಿನಲ್ಲಿ ಚತುರ್ವೇದಿಮಂಗಲ. ಅಲ್ಲಿಯ ವೈಕುಂಠಪೆರುಮಾಳ್ ದೇವಾಲಯದ ಗೋಡೆಯ ಮೇಲೆ ಚೋಳ ರಾಜನಾದ ಮೊದಲನೆಯ ಪರಾಂತಕನ ಆಳ್ವಿಕೆಯ 12ನೆಯ ಮತ್ತು 14ನೆಯ ವರ್ಷಗಳ, ಎಂದರೆ ಕ್ರಿ. ಶ. 919 ಮತ್ತು 921ರ ಸುಮಾರಿನ ಎರಡು ಶಾಸನಗಳಿವೆ. ಇವನ್ನು ಮೊದಲು ವಿಸ್ತಾರವಾಗಿ ವಿವರಿಸಿದವರು ವಿ. ವೆಂಕಯ್ಯನವರು. ‘ಕುಡವೋಲೈ’ ಎಂಬ ತಮಿಳು ಪದವನ್ನು ಕನ್ನಡಿಗರಿಗೆ ಅರ್ಥ ಹೇಳಿ ತಿಳಿಸಬೇಕಾಗಿಲ್ಲ; ಕೊಡದೊಳಗಣ ಓಲೆಯೇ ಅದು.

ಊರನ್ನು 30 ಕುಡುಂಬುಗಳಾಗಿ, ಎಂದರೆ ಕೇರಿಗಳಾಗಿ ವಿಭಾಗಿಸಿದ್ದರು. ಓಲೆಯಲ್ಲಿ ಹೆಸರು ಬರೆಯಿಸಿಕೊಳ್ಳತಕ್ಕವನಿಗೆ ತೆರಿಗೆ ತೆರುವ ಕಾಲು ವೇಲಿಗಿಂತ ಹೆಚ್ಚಿನ ಭೂಮಿಯಿರಬೇಕು, ಸ್ವಂತ ನಿವೇಶನದಲ್ಲಿ ಕಟ್ಟಿದ ಮನೆಯಿರಬೇಕು, ವಯಸ್ಸು 35ಕ್ಕೆ ಕಡಿಮೆಯಾಗದೆ 70ಕ್ಕೆ ಮೀರದೆ ಇರಬೇಕು, ಮಂತ್ರಬ್ರಾಹ್ಮಣಗಳನ್ನು ಬಲ್ಲವನಾಗಿರಬೇಕು. ಒಂದು ವೇದವನ್ನೂ ಒಂದು ಭಾಷ್ಯವನ್ನೂ ಬಲ್ಲವನಿಗೆ ಅರೆಕಾಲು ವೇಲಿಯೇ ಸಾಕು. ಹಿಂದಿನ ಮೂರು ವರ್ಷಗಳಲ್ಲಿ ಯಾವ ‘ವಾರಿಯ’ದಲ್ಲಿಯೂ, ಎಂದರೆ ಕಾರ್ಯಸಮಿತಿಯಲ್ಲಿಯೂ, ಇದ್ದವನಾಗಿರಬಾರದು.

ಅನರ್ಹತೆಯ ನಿಯಮಗಳು ಇನ್ನೂ ಕಠಿನವಾದುವು. ಮಹಾಪಾತಕಿಗಳನ್ನೂ ಪರರ ಸೊತ್ತನ್ನು ಅಪಹರಿಸಿದವರನ್ನೂ ವರ್ಜಿಸಿರುವುದು ಧರ್ಮಶಾಸ್ತ್ರಕ್ಕೆ ಅನುಗುಣವಾದುದೇ, ಅದರಲ್ಲಿ ಆಶ್ಚರ್ಯವಿಲ್ಲ. ಗಮನಾರ್ಹವಾದುದು ಲೆಕ್ಕದ ವಿಷಯ. ಸಮಿತಿಯಲ್ಲಿದ್ದು ಲೆಕ್ಕವನ್ನೊಪ್ಪಿಸದವನು ಮಾತ್ರವಲ್ಲ, ಅವನ ತಂದೆ, ಮಗ, ಒಡಹುಟ್ಟಿದವರು, ಮಾವ, ಅಳಿಯ, ಭಾವಮೈದುನ, ಸೋದರಳಿಯ, ಸೋದರಮಾವನ ಮಕ್ಕಳು, ಸೋದರತ್ತೆಯ ಮಕ್ಕಳು, ಚಿಕ್ಕಮ್ಮ ದೊಡ್ಡಮ್ಮಂದಿರ ಮಕ್ಕಳು, ಇವರಲ್ಲಿ ಯಾರ ಹೆಸರನ್ನೂ ಕೊಡಕ್ಕೆ ಹಾಕಕೂಡದು. ಒಂದೇ ಊರಿನೊಳಗೆ ಕೊಟ್ಟು ತಂದುಕೊಳ್ಳುವ ಕುಟುಂಬಗಳಲ್ಲಿ ಒಬ್ಬನು ಲೆಕ್ಕ ತಪ್ಪಿಸಿದರೆ ಎಷ್ಟು ಮನೆಗಳಿಗೆ ಬಾಗಿಲು ಮುಚ್ಚುತ್ತಿದ್ದಿತೆಂಬುದನ್ನು ವಾಚಕರೇ ಊಹಿಸಬಹುದು. ಲೆಕ್ಕವನ್ನೊಪ್ಪಿಸೆಂದು ಅವನನ್ನು ಪೀಡಿಸುವ ಹೊಣೆಯು ಹೀಗೆ ಅವನ ನೆಂಟರ ಮೇಲೆಯೇ ಬೀಳುತ್ತಿದ್ದಿತು.

ಇನ್ನು ಓಲೆಯೆತ್ತುವ ವಿಧಾನ. ಪ್ರತಿಯೊಂದು ಕುಡುಂಬಿನ ಓಲೆಗಳನ್ನೂ ಬೇರೆಬೇರೆಯಾಗಿ ಕಟ್ಟಿ, ಕಟ್ಟಿನ ಮೇಲೆ ಕುಡುಂಬಿನ ಹೆಸರಿನ ಓಲೆಯನ್ನು ಸೇರಿಸಿ, ಮೂವತ್ತು ಕಟ್ಟುಗಳನ್ನೂ ಕೊಡದಲ್ಲಿ ಇಡುವರು. ಬಾಲವೃದ್ಧರಾದಿಯಾಗಿ ಮಹಾಸಭೆ ನೆರೆಯುವುದು. ಆ ದಿನ ಊರಿನಲ್ಲಿರುವ ಅರ್ಚಕರೊಬ್ಬರನ್ನೂ ಬಿಡದೆ ಮಂಟಪದೊಳಗೆ ಕುಳ್ಳಿರಿಸುವರು. ಅವರಲ್ಲಿ ಹಿರಿಯನಾದವನು ಎದ್ದು ಮೇಲೆ ನೋಡುತ್ತ ಕೊಡವನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿಯುವನು. ಒಳಗೇನಿದೆಯೆಂದರಿಯದ ಬಾಲಕನೊಬ್ಬನು ಒಂದು ಕಟ್ಟನ್ನು ತೆಗೆಯುವನು. ಅದರ ಓಲೆಗಳನ್ನು ಬರಿದಾದ ಬೇರೊಂದು ಕೊಡಕ್ಕೆ ಹಾಕಿ ಕುಲುಕಿದ ಮೇಲೆ ಅದೇ ಬಾಲಕನು ಒಂದೋಲೆಯನ್ನೆತ್ತಿ ಮಧ್ಯಸ್ಥನಿಗೆ ಕೊಡುವನು. ಮಧ್ಯಸ್ಥನು ಐದು ಬೆರಳುಗಳನ್ನೂ ಅಗಲಿಸಿದ ಅಂಗೈಯಲ್ಲಿಯೇ ಅದನ್ನು ಸ್ವೀಕರಿಸಬೇಕು. ಮುಷ್ಟಿಯಲ್ಲಿ ಬೇರೊಂದು ಓಲೆಯು ಅಡಗಿರಬಾರದೆಂಬುದೇ ಇದರ ಅಭಿಪ್ರಾಯವೆಂದು ತೋರುತ್ತದೆ. ಅವನು ಓದಿದುದನ್ನು ಅರ್ಚಕರೆಲ್ಲರೂ ಓದಿ ಹೇಳಿದ ಬಳಿಕ ಹೆಸರು ಅಂಗೀಕೃತವಾಗುವುದು. ಹೀಗೆ ಆಯ್ದ ಮೂವತ್ತು ಮಂದಿಯಲ್ಲಿ 12 ಮಂದಿ ಸಂವತ್ಸರವಾರಿಯಕ್ಕೂ, 12 ಮಂದಿ ತೋಟದ ವಾರಿಯಕ್ಕೂ, 6 ಮಂದಿ ಕೆರೆಯ ವಾರಿಯಕ್ಕೂ ಸೇರುವರು. ಅಧಿಕಾರಾವಧಿ 360 ದಿನಗಳು.

ಅಥೆನ್ಸ್ ನಗರದಲ್ಲಿಯೂ 500 ಮಂದಿಯ ಮಂಡಲಿಯನ್ನು ಚೀಟಿಯಿಂದಲೇ ಆಯುತ್ತಿದ್ದರು. ಅಧಿಕಾರವು ಮುಗಿದೊಡನೆ ಲೆಕ್ಕವನ್ನೊಪ್ಪಿಸಬೇಕಾಗಿದ್ದಿತು. ಚೀಟಿಯೆತ್ತುವುದು ಪ್ರಜಾಪ್ರಭುತ್ವದ ಲಕ್ಷಣ, ಮತದಿಂದ ಆಯುವುದು ಕೆಲವರ ಪ್ರಭುತ್ವದ ಲಕ್ಷಣ ಎಂಬುದು ಅರಿಸ್ಟಾಟಲನು ಹೇಳಿದ ಮಾತು. ವೆನಿಸ್ ನಗರದವರು 1268ರಿಂದ 1797ರವರೆಗೆ ತಮ್ಮ ನಾಯಕನನ್ನು ಆಯುವಾಗ ಚೀಟಿಯನ್ನೂ ಮತವನ್ನೂ ಒಂದಾದ ಮೇಲೊಂದರಂತೆ ಬಳಸುತ್ತಿದ್ದರು. ಅಲ್ಲಿಯೂ ಗುಂಡುಗಳನ್ನು ಎತ್ತುತ್ತಿದ್ದವನು ಒಬ್ಬ ಹುಡುಗನೇ. ಇವು ಒಂದರಿಂದೊಂದು ಬಂದುವೆಂದು ಹೇಳುವುದು ಯುಕ್ತವಲ್ಲ. ಪಕ್ಷಗಟ್ಟುವವರ ಭಯವಿರುವೆಡೆಯಲ್ಲೆಲ್ಲ ಮಗುವಿನ ಕೈ ನೆನಪಿಗೆ ಬರುವುದು ಸಹಜ.

ಉತ್ತರಮೇರೂರಿನಲ್ಲಿ ಅಂತಹ ಭಯಕ್ಕೆ ಕಾರಣವಿದ್ದಿತೆಂಬುದಕ್ಕೆ ಶಾಸನಗಳು ಎರಡಿರುವುದೇ ಸಾಕ್ಷಿ. 919ರ ಕಟ್ಟಳೆಯಲ್ಲಿ ವಯಸ್ಸಿನ ಮಿತಿಯು 30ರಿಂದ 60. ಎರಡೇ ವರ್ಷಗಳಲ್ಲಿ ಅದನ್ನು ತಿದ್ದಿ ಉಳಿದ ನಿಯಮಗಳನ್ನೂ ವಿಸ್ತರಿಸಿದರು. ದುಷ್ಟರು ನಶಿಸಿ ಶಿಷ್ಟರು ಏಳಿಗೆ ಹೊಂದಲೆಂಬುದು ಎರಡನೆಯ ಶಾಸನವೇ ಹೇಳುವ ಉದ್ದೇಶ. ನಿರ್ಣಯವು ಸಭೆಯದಾದರೂ ಅದು ರಾಜಾಜ್ಞೆಯನ್ನು ಮುಂದಿಟ್ಟುಕೊಂಡು, ರಾಜನ ಕಡೆಯವನೊಬ್ಬನ ಸಮಕ್ಷಮದಲ್ಲಿ ಆದುದು. ಆದಕಾರಣ ಇದನ್ನು ಸ್ವತಂತ್ರವಾದ ಗ್ರಾಮರಾಜ್ಯವೆಂದು ಕೊಂಡಾಡುವವರು ಆ ಪಂಕ್ತಿಗಳನ್ನೂ ಓದಬೇಕು. ಭೂಮಿಯಿಲ್ಲದವರ, ವೇದಾಧ್ಯಯನವಿಲ್ಲದವರ ಹೆಸರು ಕೊಡವನ್ನು ಸೇರುತ್ತಲೇ ಇರಲಿಲ್ಲ; ಆ ಭೂಮಿಯನ್ನು ಉತ್ತವರ ಮಾತಂತೂ ಈ ನಿಯಮಗಳಲ್ಲಿ ಎಲ್ಲಿಯೂ ಬರುವುದಿಲ್ಲ.

949ರಲ್ಲಿ ತಕ್ಕೋಲದ ಕಾಳಗದಲ್ಲಿ ಚೋಳರು ಸೋತು, ಈ ನಾಡು ರಾಷ್ಟ್ರಕೂಟರ ಮೂರನೆಯ ಕೃಷ್ಣನ ವಶವಾಯಿತು. ಅಷ್ಟು ಹೊತ್ತಿಗೆ ಎರಡನೆಯ ಕಟ್ಟಳೆ ಹುಟ್ಟಿ 28 ವರ್ಷಗಳಾಗಿದ್ದುವು.