ದೋಣಿಯೊಳಗೆ ಬೇಕೆಂದೇ ನೀರು ತುಂಬಿಸುವುದೇಕೆ? ‘ನೀರಿನಲ್ಲಿ ನೀರಿಗೆ ತೂಕವಿಲ್ಲ’ ಎಂಬುದು ನಿಜವೇ?

ದೋಣಿಯೊಳಗೆ ನೀರು ಬಂದರೆ ಯಾರಾದರೂ ಅದನ್ನು ಹೊರಗೆ ಚೆಲ್ಲುತ್ತಾರೆ. ಆದರೆ ಅಮೆರಿಕದ ಸರೋವರಗಳಲ್ಲಿ ವೇಕ್‌ಬೋರ್ಡಿಂಗ್ ಆಡುವವರು ಪಂಪ್ ಹಾಕಿ ನೂರಾರು ಲೀಟರ್ ನೀರನ್ನು ದೋಣಿಯೊಳಗೆ ತುಂಬಿಸಿಕೊಳ್ಳುತ್ತಾರೆ! ಇಂಥ ವಿಡಿಯೊ ನೋಡಿದವರಿಗೆ ‘ದೋಣಿ ಮುಳುಗುವುದಿಲ್ಲವೇ?’ ಎಂಬ ಪ್ರಶ್ನೆ ಬರುವುದು ಸಹಜ. ‘ನೀರಿನಲ್ಲಿ ನೀರಿಗೆ ತೂಕವಿಲ್ಲ, ಎಷ್ಟು ತುಂಬಿಸಿದರೂ ಏನೂ ಆಗಲ್ಲ’ ಎಂದು ಯಾರಾದರೂ ಉತ್ತರಿಸಿದರೆ ನಂಬಬೇಡಿ. ಅದು ಅರ್ಧ ಸತ್ಯ ಮಾತ್ರ.

ಭಾರ ಏಕೆ ಬೇಕು?

ವೇಕ್‌ಬೋರ್ಡಿಂಗ್‌ನಲ್ಲಿ ಆಟಗಾರ ಹಲಗೆಯ ಮೇಲೆ ನಿಂತು, ದೋಣಿಗೆ ಕಟ್ಟಿದ ಹಗ್ಗ ಹಿಡಿದು, ದೋಣಿಯ ಹಿಂದೆ ಏಳುವ ಅಲೆಯಿಂದ ಮೇಲಕ್ಕೆ ಜಿಗಿಯುತ್ತಾನೆ. ದೋಣಿ ಭಾರವಾದಷ್ಟೂ ಆಳಕ್ಕೆ ಇಳಿಯುತ್ತದೆ, ಹೆಚ್ಚು ನೀರನ್ನು ಪಕ್ಕಕ್ಕೆ ತಳ್ಳುತ್ತದೆ, ಅಲೆ ದೊಡ್ಡದಾಗುತ್ತದೆ. ಅದಕ್ಕಾಗಿ ದೋಣಿಯಲ್ಲಿ ನೀರಿನ ಟ್ಯಾಂಕ್‌ಗಳಿರುತ್ತವೆ. ಇದಕ್ಕೆ ಬ್ಯಾಲಸ್ಟ್ ಎನ್ನುತ್ತಾರೆ. ಆಟ ಮುಗಿದ ಮೇಲೆ ನೀರನ್ನು ಹೊರಹಾಕಿದರೆ ದೋಣಿ ಮತ್ತೆ ಹಗುರ. ಇನ್ನೂ ದೊಡ್ಡ ಅಲೆ ಬೇಕೆನ್ನುವವರು ದಪ್ಪ ಚೀಲಗಳನ್ನು, ಹೆಚ್ಚು ಸಾಮರ್ಥ್ಯದ ಪಂಪ್‌ಗಳನ್ನು ಸೇರಿಸುತ್ತಾರೆ. ತೊಂದರೆ ಶುರುವಾಗುವುದು ಇಲ್ಲೇ.

ಬಾವಿಯ ಕೊಡ ಹೇಳುವ ಪಾಠ

ಬಾವಿಯಿಂದ ನೀರು ಸೇದಿದವರಿಗೆ ಗೊತ್ತು: ತುಂಬಿದ ಕೊಡ ನೀರೊಳಗೆ ಇರುವವರೆಗೆ ಹಗುರ, ಮೇಲೆ ಬಂದ ಕೂಡಲೇ ಭಾರ. ‘ತೂಕವಿಲ್ಲ’ ಎಂಬ ಮಾತು ಹುಟ್ಟಿದ್ದು ಈ ಅನುಭವದಿಂದ. ಆದರೆ ದೋಣಿಯ ಚೀಲ ಕೆರೆಯ ನೀರಿನಲ್ಲಿ ಮುಳುಗಿಲ್ಲ, ದೋಣಿಯ ಒಳಗಿದೆ. ಅದರ ಪ್ರತಿ ಲೀಟರ್ ನೀರು ಸುಮಾರು 1 ಕೆ.ಜಿ. ಭಾರ ಹಾಕುತ್ತದೆ. ಆರ್ಕಿಮಿಡೀಸ್ ನಿಯಮದಂತೆ ಅಷ್ಟೇ ತೂಕದ ನೀರನ್ನು ಹೊರಗೆ ತಳ್ಳುವವರೆಗೆ ದೋಣಿ ಇಳಿಯಲೇಬೇಕು.

ಲೆಕ್ಕ ಸುಲಭ. ನೀರಿನ ಮಟ್ಟದಲ್ಲಿ 12 ಚದರ ಮೀಟರ್ ಹರವಿರುವ ದೋಣಿ, ಪ್ರತಿ 120 ಕೆ.ಜಿ.ಗೆ ಸುಮಾರು 1 ಸೆಂ.ಮೀ. ಇಳಿಯುತ್ತದೆ. 600 ಲೀಟರ್ ಹೆಚ್ಚುವರಿ ನೀರು ಎಂದರೆ 5 ಸೆಂ.ಮೀ. ಜೊತೆಗೆ 70 ಕೆ.ಜಿ. ತೂಗುವ ಹತ್ತು ಜನ ಹತ್ತಿದರೆ ಇನ್ನೂ 6 ಸೆಂ.ಮೀ. ದೋಣಿಯ ಅಂಚು ಅಷ್ಟರಮಟ್ಟಿಗೆ ನೀರಿಗೆ ಹತ್ತಿರವಾಯಿತು.

ಅಪಾಯ ಎಲ್ಲಿದೆ?

ಮುಂಭಾಗದಲ್ಲಿ ಚೀಲವೂ ಜನವೂ ತುಂಬಿರುವಾಗ ಚಾಲಕ ಥಟ್ಟನೆ ವೇಗ ತಗ್ಗಿಸಿದರೆ ಮೂತಿ ತಗ್ಗುತ್ತದೆ, ತನ್ನದೇ ಅಲೆ ಹಿಂದಿನಿಂದ ಬಂದು ಒಳಗೆ ನುಗ್ಗಬಹುದು. ದೋಣಿಯೊಳಗೆ ಕೆರೆಯ ನೀರು ತುಂಬಿಕೊಂಡ ಮೇಲೆ, ಅದರಲ್ಲಿ ಮುಳುಗಿದ ಚೀಲಕ್ಕೆ ಹೆಚ್ಚಿನ ಭಾರ ಉಳಿಯುವುದಿಲ್ಲ ನಿಜ. ಆದರೆ ಅಷ್ಟರಲ್ಲಿ ಅನಾಹುತ ಆಗಿಹೋಗಿರುತ್ತದೆ.

ಅರ್ಧ ತುಂಬಿದ ಚೀಲವೂ ಒಳ್ಳೆಯದಲ್ಲ. ಅರ್ಧ ತುಂಬಿದ ನೀರಿನ ಟ್ಯಾಂಕರ್ ತಿರುವಿನಲ್ಲಿ ಓಲಾಡುವಂತೆ, ನೀರು ಒಂದೇ ಬದಿಗೆ ಓಡಿ ದೋಣಿಯನ್ನು ಇನ್ನಷ್ಟು ವಾಲಿಸುತ್ತದೆ.

ಬದಲಾಯಿಸುವವರು ಗಮನಿಸಬೇಕಾದ್ದು

• ಎಷ್ಟು ಜನ, ಎಷ್ಟು ತೂಕ ಎಂದು ತಿಳಿಸುವ ಫಲಕ ದೋಣಿಯಲ್ಲಿರುತ್ತದೆ. ಅಮೆರಿಕದಲ್ಲಿ 20 ಅಡಿಗಿಂತ ಚಿಕ್ಕ ಮೋಟಾರು ದೋಣಿಗಳಿಗೆ ಸಾಮಾನ್ಯವಾಗಿ ಇದು ಕಡ್ಡಾಯ. ಹೆಚ್ಚುವರಿ ಚೀಲದ ನೀರನ್ನೂ ಆ ಲೆಕ್ಕಕ್ಕೆ ಸೇರಿಸಿ.
• ಚೀಲವನ್ನು ಪೂರ್ತಿ ತುಂಬಿಸಿ ಅಥವಾ ಪೂರ್ತಿ ಖಾಲಿ ಮಾಡಿ. ಜಾರದಂತೆ ಕಟ್ಟಿ.
• ದೊಡ್ಡ ಪಂಪ್‌ಗೆ ತಕ್ಕ ದಪ್ಪದ ವೈರ್, ಸರಿಯಾದ ಫ್ಯೂಸ್ ಬೇಕು. ಪಂಪ್ ನಿಂತ ಮೇಲೂ ನೀರು ತಾನಾಗಿ ಒಳಗೆ ಹರಿಯದಂತೆ ಪೈಪ್‌ನಲ್ಲಿ ತಡೆ ಇರಬೇಕು.
• ಆ ಕೆರೆಯ ನೀರನ್ನು ಆ ಕೆರೆಯಲ್ಲೇ ಬಿಡಿ. 1988ರಲ್ಲಿ ಉತ್ತರ ಅಮೆರಿಕದ ಸೇಂಟ್ ಕ್ಲೇರ್ ಸರೋವರದಲ್ಲಿ ಕಂಡ ಝೀಬ್ರಾ ಮಸೆಲ್ ಎಂಬ ಚಿಪ್ಪುಜೀವಿ ಹಡಗುಗಳ ಬ್ಯಾಲಸ್ಟ್ ನೀರಿನಲ್ಲೇ ಬಂದದ್ದೆಂದು ನಂಬಲಾಗಿದೆ. ಇದರ ಮರಿಗಳು ಬರಿಗಣ್ಣಿಗೆ ಕಾಣುವುದಿಲ್ಲ. ದೋಣಿಯಲ್ಲಿ ಉಳಿದ ಸ್ವಲ್ಪ ನೀರಿನಲ್ಲೂ ಇನ್ನೊಂದು ಕೆರೆಗೆ ಹೋಗಬಲ್ಲವು.

ಸತ್ಯ ಏನು?

ದೋಣಿಯೊಳಗೆ ಮಿತಿಯಲ್ಲಿ ನೀರು ತುಂಬಿಸುವುದು ಹುಚ್ಚಾಟವಲ್ಲ, ಅದರ ವಿನ್ಯಾಸದ ಭಾಗ. ಆದರೆ ‘ಎಷ್ಟು ತುಂಬಿಸಿದರೂ ಏನೂ ಆಗಲ್ಲ’ ಎಂಬುದು ತಪ್ಪು. ಆ ವಿಡಿಯೊ ಫಾರ್ವರ್ಡ್ ಮಾಡುವಾಗ ಈ ಮಾತನ್ನೂ ಜೊತೆಗೆ ಕಳಿಸಿ. ಲೈಫ್ ಜಾಕೆಟ್ ಇಲ್ಲದೆ ಯಾವ ದೋಣಿಯನ್ನೂ ಹತ್ತಬೇಡಿ.