ತೊಟ್ಟಿಲು ಕಟ್ಟುವ ಮುನ್ನ: ಸಾಕುಪ್ರಾಣಿಗಳ ವಿಷಯದಲ್ಲಿ ಕೆಲವು ಎಚ್ಚರಿಕೆಗಳು

ಪಂಚತಂತ್ರದಲ್ಲಿ ಬರುವ ಬ್ರಾಹ್ಮಣನ ಮುಂಗುಸಿಯ ಕಥೆಯನ್ನು ಕೇಳದ ಮನೆ ವಿರಳ. ತೊಟ್ಟಿಲ ಬಳಿಗೆ ಬಂದ ಹಾವನ್ನು ಕೊಂದು ಕೂಸನ್ನು ಕಾಪಾಡಿದ ಆ ಪ್ರಾಣಿಯು, ಅದರ ಬಾಯಿಯ ನೆತ್ತರನ್ನು ಕಂಡು ತಪ್ಪಾಗಿ ತಿಳಿದವರ ಕೈಯಿಂದಲೇ ಹತವಾಯಿತು. ದುಡುಕಬಾರದೆಂಬುದೇ ಆ ಕಥೆಯ ನೀತಿಯೆಂದು ಹಿರಿಯರು ಹೇಳುವರು. ಆದರೆ ಗೃಹಸ್ಥರು ಕಲಿಯತಕ್ಕ ಪಾಠವು ಮತ್ತೊಂದುಂಟು. ಕೂಸನ್ನು ಪ್ರಾಣಿಯ ವಶಕ್ಕೆ ಬಿಟ್ಟು ಹೋದುದೇ ಅಲ್ಲಿ ಮೊದಲನೆಯ ತಪ್ಪು, ದುಡುಕು ಅನಂತರದ್ದು.

ಮನೆಯ ಸೊಸೆಯು ಗರ್ಭಿಣಿಯಾದೊಡನೆ ನಾಯಿ ಬೆಕ್ಕುಗಳನ್ನು ಎಲ್ಲಿಗಾದರೂ ಸಾಗಿಸಿಬಿಡಬೇಕೆಂದು ಕೆಲವರು ಹೇಳುವುದುಂಟು. ಸಾಮಾನ್ಯವಾಗಿ ಅದರ ಅವಶ್ಯಕತೆಯಿಲ್ಲ. ಬೇಕಾದುದು ಕೆಲವು ತಿಂಗಳು ಮುಂಚಿತವಾದ ಸಿದ್ಧತೆ.

ಮೊದಲನೆಯದು ಆರೋಗ್ಯ. ನಾಯಿ ಬೆಕ್ಕುಗಳೆರಡಕ್ಕೂ ರೇಬಿಸ್ ಲಸಿಕೆಯನ್ನೂ ಜಂತುಹುಳುವಿನ ಔಷಧವನ್ನೂ ಪಶುವೈದ್ಯರಿಂದ ಕಾಲಕಾಲಕ್ಕೆ ಕೊಡಿಸತಕ್ಕದ್ದು. ಬೆಕ್ಕಿನ ಮಲದಲ್ಲಿ ಟಾಕ್ಸೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯಿರಬಹುದು. ಅದು ಗರ್ಭಸ್ಥ ಶಿಶುವಿನ ಕಣ್ಣಿಗೂ ಮೆದುಳಿಗೂ ಹಾನಿಯನ್ನುಂಟುಮಾಡಬಲ್ಲುದು. ಮಲವು ಹೊರಬಿದ್ದ ಮೇಲೆ ಅದು ಸೋಂಕು ತಗುಲಿಸುವಷ್ಟು ಬಲಿಯಲು 1ರಿಂದ 5 ದಿನಗಳು ಬೇಕು. ಆದುದರಿಂದ ಆ ಸ್ಥಳವನ್ನು ಪ್ರತಿದಿನವೂ, ಗರ್ಭಿಣಿಯನ್ನುಳಿದು ಬೇರೊಬ್ಬರು, ಶುಚಿಮಾಡಬೇಕು. ಬೆಕ್ಕಿಗೆ ಹಸಿಮಾಂಸವನ್ನು ಹಾಕಬಾರದು.

ಎರಡನೆಯದು ಅಭ್ಯಾಸ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗಿ, ಮೂರನೆಯ ಅಥವಾ ಐದನೆಯ ತಿಂಗಳಲ್ಲಿ ಕೂಸಿನೊಡನೆ ಹಿಂದಿರುಗುವ ಪದ್ಧತಿಯು ನಮ್ಮಲ್ಲಿ ಇನ್ನೂ ಉಂಟು. ದಿನವೂ ಅನ್ನವಿಕ್ಕುತ್ತಿದ್ದಾಕೆ ಕಣ್ಮರೆಯಾಗಿ, ಬಳಿಕ ಅಪರಿಚಿತ ಶಿಶುವನ್ನೆತ್ತಿಕೊಂಡು ಬಂದರೆ ನಾಯಿಯು ಕಳವಳಗೊಳ್ಳುವುದು ಸಹಜ. ಆಕೆ ಹೊರಡುವ ಮುಂಚೆಯೇ ಅನ್ನವಿಕ್ಕುವ ಕೆಲಸವನ್ನು ಬೇರೊಬ್ಬರು ವಹಿಸಿಕೊಳ್ಳಲಿ. ಮಲಗುವ ಕೋಣೆಗೆ ಅದರ ಪ್ರವೇಶವನ್ನು ಆಗಲೇ ತಪ್ಪಿಸಬೇಕು. ಮೊಬೈಲಿನಲ್ಲಿ ಶಿಶುವಿನ ಅಳುವನ್ನು ಮೆಲ್ಲಗೆ ಕೇಳಿಸಿ, ಜೊತೆಗೆ ಅದಕ್ಕೆ ಪ್ರಿಯವಾದ ತಿಂಡಿಯನ್ನು ಕೊಡುತ್ತ ಬಂದರೆ ಆ ಧ್ವನಿಯು ರೂಢಿಯಾಗುವುದು. ಕೂಸು ಉಟ್ಟ ಬಟ್ಟೆಯೊಂದನ್ನು ಮುಂದಾಗಿ ತರಿಸಿ ಮೂಸಲು ಬಿಡುವುದೂ ಲೇಸು.

ಮನೆಗೆ ಬರುವ ದಿನ ಕೂಸನ್ನು ಬೇರೊಬ್ಬರು ಎತ್ತಿಕೊಂಡಿರಲಿ. ತಾಯಿಯು ಮೊದಲು ಒಳಬಂದು ನಾಯಿಯನ್ನು ಮಾತನಾಡಿಸಲಿ. ಅದರ ಸಂಭ್ರಮವು ಅಡಗಿದ ಮೇಲೆ, ಸರಪಣಿಯನ್ನು ಕೈಯಲ್ಲಿ ಹಿಡಿದು, ದೂರದಿಂದ ಕೂಸನ್ನು ತೋರಿಸಬೇಕು. ನಾಯಿ ಗುರುಗುಟ್ಟಿದರೆ ಹೊಡೆಯಬಾರದು, ದೂರಕ್ಕೆ ಕರೆದೊಯ್ಯಬೇಕು. ಗುರುಗುಟ್ಟುವುದು ಅದು ಕೊಡುವ ಎಚ್ಚರಿಕೆ. ಹೊಡೆತ ತಿಂದ ನಾಯಿಯು ಮುಂದೆ ಸದ್ದಿಲ್ಲದೆ ಕಚ್ಚಬಹುದು.

ಬೆಕ್ಕು ಕೂಸಿನ ಉಸಿರನ್ನು ಹೀರುವುದೆಂಬುದು ಬರಿಯ ಮೂಢನಂಬಿಕೆ. ಆದರೆ ಬೆಚ್ಚಗಿನ ತೊಟ್ಟಿಲಲ್ಲಿ ಮುಖದ ಬಳಿ ಬೆಕ್ಕು ಮಲಗಿದರೆ, ಕುತ್ತಿಗೆ ನಿಲ್ಲದ ಕೂಸಿಗೆ ಉಸಿರುಕಟ್ಟುವ ಅಪಾಯವುಂಟು. ಕೂಸು ಅಂಬೆಗಾಲಿಟ್ಟಾಗ ಇನ್ನೊಂದು ಪರೀಕ್ಷೆ ಬರುವುದು. ಅದು ನಾಯಿಯ ತಟ್ಟೆಗೆ ಕೈಹಾಕಲು ಹೋಗುವುದು, ಬಾಲವನ್ನು ಎಳೆಯುವುದು. ಎಷ್ಟೇ ಸಾಧುವಾದ ಪ್ರಾಣಿಯಾದರೂ ಆ ಎರಡನ್ನೂ ಕ್ಷಣಕಾಲವೂ ಒಂಟಿಯಾಗಿ ಬಿಡಬಾರದು.

ಒಂದು ವೇಳೆ ಹಲ್ಲು ಅಥವಾ ಉಗುರು ತಗುಲಿ ಚರ್ಮವು ತರಚಿದರೆ, ಗಾಯವನ್ನು ಸಾಬೂನಿನಿಂದ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ವೈದ್ಯರಲ್ಲಿಗೆ ಒಯ್ಯಬೇಕು. ಅರಿಸಿನ, ಸುಣ್ಣ, ಕಾರದಪುಡಿಗಳನ್ನು ಹಚ್ಚುತ್ತ ಕೂರಬಾರದು. ರೇಬಿಸಿನ ಲಕ್ಷಣಗಳು ತೋರಿದ ಮೇಲೆ ಪ್ರಾಣ ಉಳಿಯುವುದು ಅತ್ಯಂತ ದುರ್ಲಭ. ಅದಕ್ಕೆ ಮುಂಚೆ ಸಕಾಲದಲ್ಲಿ ಕೊಟ್ಟ ಚುಚ್ಚುಮದ್ದಾದರೋ ಜೀವವನ್ನು ಕಾಯುವುದು.